ಟಪಾಲು ಕೋಣೆಗೆ ಹೋದ ಭೀಮಾ

ನಾನು ಹೈದರಾಬಾದಿನಲ್ಲಿ ಅಷ್ಟು ವರ್ಷ ಏನು ಕೆಲಸ ಮಾಡಿದೆ ಎಂದು ನನ್ನ ನಾದಿನಿಗೆ ಇವತ್ತಿಗೂ ಗೊತ್ತಿಲ್ಲ. ಕಲಬುರಗಿಗೆ ಹೋದಾಗಲೆಲ್ಲ ಬಂದವರಿಗೆ, "ನಮ್ಮ ವೈನಿ ಹೈದರಾಬಾದಿನಾಗ ಪ್ರಿಂಟಿಂಗ್ ಪ್ರೆಸ್ಸಿನಾಗ ಇದ್ರು" ಎಂದು ಪರಿಚಯ ಮಾಡಿಕೊಡುತ್ತಾಳೆ. ಮೊದಮೊದಲು ತಿದ್ದುತ್ತಿದ್ದೆ. ಪ್ರೆಸ್ಸಲ್ಲಮ್ಮಾ, ಕೇಂದ್ರ ಸರ್ಕಾರದ ದೊಡ್ಡ ಕಾರ್ಖಾನೆ, ಅದರ ಆಡಳಿತ ಕಚೇರಿಯಲ್ಲಿ ನೂರಾರು ಕಂಪ್ಯೂಟರುಗಳಿಂದ ಹೋಗುವ ಕಾಗದಗಳೆಲ್ಲ ಸರಿಯಾದ ಪ್ರಿಂಟರಿನಲ್ಲಿ ಸರಿಯಾಗಿ ಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ ಎಂದರೆ, ಆಕೆ ಸಮಾಧಾನವಾಗಿ ಕೇಳಿಕೊಂಡು, "ಅಂದ್ರ ಪ್ರೆಸ್ಸ ಆತಲ್ಲ" ಎನ್ನುತ್ತಿದ್ದಳು. ಆಮೇಲೆ ಬಿಟ್ಟುಬಿಟ್ಟೆ.

ಈಗ ಅಮೀರ್‌ಪೇಟೆಯಲ್ಲಿ ಮೂರು ತಿಂಗಳ ಕೋರ್ಸು ಮುಗಿಸಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನನಗಿಂತ ಹೆಚ್ಚು ವಿದ್ಯೆ ಗೊತ್ತಿದೆ. ಅವರಿಗೆ ನಾನು ಯಂತ್ರದ ಪಾಠ ಹೇಳುವುದಿಲ್ಲ. ಆದರೆ ಒಂದು ದಿನ ನಾನು ಆಡಿದ ಒಂದೇ ಮಾತಿಗೆ ಒಬ್ಬ ಮನುಷ್ಯನ ನೌಕರಿ ಹೋಗುವುದರಲ್ಲಿತ್ತು. ಅದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ನನ್ನ ದೊಡ್ಡಸ್ತಿಕೆಯನ್ನೂ ಹೇಳಿಕೊಳ್ಳುತ್ತೇನೆ. ನಿವೃತ್ತರಾದವರಿಗೆ ಅಷ್ಟು ಹಕ್ಕಿದೆ.

ನಾನು ಸೇರಿದಾಗ ನಮ್ಮ ಕಚೇರಿಯಲ್ಲಿ ಪ್ರತಿ ವಿಭಾಗಕ್ಕೂ ಅದರದೇ ಪ್ರಿಂಟರ್ ಇತ್ತು. ಕರಕರ ಸದ್ದು ಮಾಡುವ, ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದ ತಿನ್ನುವ ಯಂತ್ರಗಳು. ಒಂದು ವಿಭಾಗದವರು ಇನ್ನೊಂದು ವಿಭಾಗದ ಪ್ರಿಂಟರನ್ನು ಮುಟ್ಟುವಂತಿರಲಿಲ್ಲ. ಉಗ್ರಾಣ ವಿಭಾಗದ ಹೆಡ್ ಕ್ಲರ್ಕ್ ಒಬ್ಬರು ಸಂಜೆ ಮನೆಗೆ ಹೊರಡುವಾಗ ತಮ್ಮ ಪ್ರಿಂಟರಿಗೆ ಹೂವಿನ ಚಿತ್ರದ ಬಟ್ಟೆ ಹೊದಿಸಿ, ಅದರ ವೈರನ್ನು ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬಟ್ಟೆ ಅವರ ಹೆಂಡತಿ ಹೊಲಿದದ್ದು. ಅವರು ರಜೆ ಹಾಕಿದ ದಿನ ಉಗ್ರಾಣದಲ್ಲಿ ಒಂದು ಚೀಟಿಯೂ ಹೊರಗೆ ಬರುತ್ತಿರಲಿಲ್ಲ. ಪ್ರಿಂಟರ್ ಕೆಟ್ಟ ವಿಭಾಗದವರು ಫ್ಲಾಪಿ ಹಿಡಿದುಕೊಂಡು ಮಹಡಿಯಿಂದ ಮಹಡಿಗೆ ಅಲೆದು, ಪಕ್ಕದ ವಿಭಾಗದವರನ್ನು ಕಾಡಿ ಬೇಡಿ ಕೆಲಸ ಮುಗಿಸಬೇಕಿತ್ತು.

ಇದೆಲ್ಲವನ್ನೂ ಬದಲಿಸಿದವರು ನಮ್ಮ ಮೇಲಧಿಕಾರಿ ಕುಲಕರ್ಣಿ ಸರ್. ಧಾರವಾಡದವರು, ಸಿಟ್ಟಿನವರು, ಕಿವಿಯ ಮೇಲೊಂದು ಪೆನ್ಸಿಲ್ ಸಿಕ್ಕಿಸಿಕೊಂಡೇ ಓಡಾಡುವವರು. ಎಲ್ಲ ಕಂಪ್ಯೂಟರುಗಳೂ ಒಂದೇ ಜಾಲಕ್ಕೆ ಸೇರಬೇಕು, ಪ್ರಿಂಟರುಗಳು ಎಲ್ಲರಿಗೂ ಸೇರಿದವಾಗಬೇಕು ಎಂದು ಮೇಲಿನವರನ್ನು ಒಪ್ಪಿಸಿದರು. ಕೆಳಗಿನವರನ್ನು ಒಪ್ಪಿಸುವ ಕೆಲಸ ನನಗೆ ಬಿತ್ತು. ಆಗ ನಾನು ಡೇಟಾ ಎಂಟ್ರಿ ಮಾಡುವ ಹುಡುಗಿ. ನಾರಾಯಣಗೂಡದಿಂದ ಕಂಪನಿ ಬಸ್ಸಿನಲ್ಲಿ ಬಂದು, ಟಿಫಿನ್ ಡಬ್ಬಿ ಇಟ್ಟು, ಮಹಡಿಗಳನ್ನು ಸುತ್ತಲು ಶುರುಮಾಡುತ್ತಿದ್ದೆ. ಯಾರ ಕುರ್ಚಿಯಿಂದ ಯಾವ ಮೂಲೆಗೆ ಎಷ್ಟು ಹೆಜ್ಜೆ ಎಂದು ನಡೆದು ನಡೆದು ಎಣಿಸಿದೆ. ತನ್ನ ಕಾಗದ ತೆಗೆದುಕೊಳ್ಳಲು ಯಾರೂ ನಲವತ್ತು ಹೆಜ್ಜೆಗಿಂತ ಹೆಚ್ಚು ನಡೆಯಬಾರದು ಎಂದು ನಾನೇ ಒಂದು ನಿಯಮ ಮಾಡಿಕೊಂಡೆ. ಮಂಡಿನೋವಿದ್ದ ಒಬ್ಬ ಸೂಪರಿಂಟೆಂಡೆಂಟರಿಗಾಗಿ ಅದನ್ನು ಹದಿನೈದಕ್ಕೆ ಇಳಿಸಿದೆ. ಅವರು ನನ್ನ ಪರವಾಗಿ ಮಾತಾಡಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ದಾರಿಗೆ ಬಂದರು. ಹೂವಿನ ಬಟ್ಟೆಯವರು ಮಾತ್ರ ಕೊನೆಯವರೆಗೂ ನನ್ನ ನಮಸ್ಕಾರಕ್ಕೆ ಮರುನಮಸ್ಕಾರ ಮಾಡಲಿಲ್ಲ.

ಹೊಸ ಪ್ರಿಂಟರುಗಳು ಬಂದಾಗ ಪ್ರತಿಯೊಂದಕ್ಕೂ ಒಂದು ಹೆಸರು ಬೇಕಾಯಿತು. ಕಂಪ್ಯೂಟರಿನ ಪರದೆಯಲ್ಲಿ ಆ ಹೆಸರು ನೋಡಿಯೇ ಜನ ಎಲ್ಲಿಗೆ ಕಳಿಸಬೇಕೆಂದು ಆರಿಸುತ್ತಾರೆ. ಸರ್ ನಂಬರು ಕೊಡು ಎಂದರು. ನಂಬರು ಯಾರಿಗೂ ನೆನಪಿರುವುದಿಲ್ಲ ಎಂದು ನಾನು ನಮ್ಮ ಕಡೆಯ ನದಿಗಳ ಹೆಸರಿಟ್ಟೆ. ಕೃಷ್ಣಾ, ಭೀಮಾ, ಕಾಗಿಣಾ, ಮಾಂಜ್ರಾ, ತುಂಗಭದ್ರಾ. ಚಿಕ್ಕ ಚೀಟಿಗಳಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅಂಟಿಸಿದೆ. ಯಾವಾಗಲೂ ಮಸಿ ಬಳಿಯುತ್ತಿದ್ದ ಒಂದು ಹಳೆಯ ಯಂತ್ರಕ್ಕೆ ಹೈದರಾಬಾದಿನ ಕೊಳಕು ನದಿ ಮೂಸಿಯ ಹೆಸರಿಟ್ಟಿದ್ದಕ್ಕೆ ಆ ಊರಿನವರೇ ಆದ ಸಹೋದ್ಯೋಗಿಗಳು ಒಂದು ವಾರ ನನ್ನ ಜೊತೆ ಚಹಾ ಕುಡಿಯಲಿಲ್ಲ. ಆಮೇಲೆ ಅದನ್ನು ಗೋದಾವರಿ ಮಾಡಿ ರಾಜಿಯಾದೆ. ಕೆಲವೇ ದಿನಗಳಲ್ಲಿ ಕಚೇರಿ ತುಂಬ "ಕೃಷ್ಣಾದಲ್ಲಿ ಕಾಗದ ಖಾಲಿ", "ಮಾಂಜ್ರಾ ಬಂದ್" ಎಂಬ ಮಾತುಗಳೇ. ತೆಲುಗಿನವರು, ಉರ್ದುವಿನವರು, ಒಡಿಶಾದವರು ಎಲ್ಲರ ಬಾಯಲ್ಲೂ ನಮ್ಮ ಕಾಗಿಣಾದ ಹೆಸರು ಕೇಳಿ ನನಗಾಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ.

ಒಂದು ಪ್ರಕರಣ ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ನಕ್ಷೆ ವಿಭಾಗದ ತುಂಗಭದ್ರಾ ಪ್ರತಿ ಬೇಸಿಗೆಯಲ್ಲೂ ಕಾಗದ ಸಿಕ್ಕಿಸಿಕೊಂಡು ನಿಲ್ಲುತ್ತಿತ್ತು. ಪ್ರಿಂಟರ್ ಕಂಪನಿಯವರು ಬಂದು ರೋಲರ್ ಬದಲಿಸಿದರು, ಮತ್ತೆ ಬಂದು ಇನ್ನೊಂದು ಭಾಗ ಬದಲಿಸಿದರು. ಮಳೆಗಾಲ ಬಂದ ಕೂಡಲೇ ತಾನೇ ಸರಿಹೋಗುತ್ತಿತ್ತು. ಮಳೆಗಾಲದಲ್ಲಿ ಕೆಟ್ಟು ಬೇಸಿಗೆಯಲ್ಲಿ ಸರಿಹೋಗಬೇಕಾದ ಯಂತ್ರ ಉಲ್ಟಾ ಯಾಕೆ ನಡೆಯುತ್ತಿದೆ ಎಂದು ಎಲ್ಲರೂ ತಲೆ ಕೆರೆದುಕೊಂಡರು. ನಾನು ಒಂದು ಮಧ್ಯಾಹ್ನ ಆ ಕೋಣೆಯಲ್ಲಿ ಸುಮ್ಮನೆ ಕುರ್ಚಿ ಹಾಕಿಕೊಂಡು ಕೂತೆ. ಅರ್ಧ ಗಂಟೆಯಲ್ಲಿ ನನ್ನ ಸೀರೆಯ ಸೆರಗು ತಣ್ಣಗೆ ಒದ್ದೆಯಾಗಿತ್ತು. ಬೇಸಿಗೆಯಲ್ಲಿ ಹಾಕುತ್ತಿದ್ದ ನೀರಿನ ಕೂಲರಿನ ತೇವದ ಗಾಳಿ ನೇರವಾಗಿ ಕಾಗದದ ಕಟ್ಟಿಗೆ ಬಡಿಯುತ್ತಿತ್ತು. ಕಟ್ಟನ್ನು ಎತ್ತಿ ಬೀರುವಿನಲ್ಲಿಟ್ಟೆ. ಅಷ್ಟೇ ರಿಪೇರಿ. ಕುಲಕರ್ಣಿ ಸರ್ ಎಲ್ಲರೆದುರು, "ಕಂಪನಿ ಇಂಜಿನಿಯರಗ ಕಾಣಲಾರದ್ದು ನಮ್ಮ ಸುಮಂಗಲಾನ ಸೆರಗಿಗೆ ಕಾಣಿಸ್ತು ನೋಡ್ರಿ" ಎಂದರು. ಆ ಮಾತನ್ನು ನಾನು ಅದೆಷ್ಟು ಸಲ ಮನೆಯಲ್ಲಿ ಹೇಳಿದ್ದೇನೋ, ನನ್ನ ಗಂಡನಿಗೆ ಬಾಯಿಪಾಠವಾಗಿದೆ.

ಹೀಗೆ ಹೊಗಳಿಸಿಕೊಂಡು ಹೊಗಳಿಸಿಕೊಂಡು ನನಗೆ ತಲೆ ತಿರುಗಿತ್ತು ಎಂದು ಈಗ ತಿಳಿಯುತ್ತದೆ. ನನ್ನ ಜಾಲ ತಪ್ಪುವುದಿಲ್ಲ ಎಂದು ಜನರಷ್ಟೇ ಅಲ್ಲ, ನಾನೂ ನಂಬಿಬಿಟ್ಟಿದ್ದೆ.

ನಮ್ಮ ಕಾರ್ಖಾನೆಯಲ್ಲಿ ದಸರೆ ರಜೆಗೆ ಮುಂಚಿನ ದಿನ ಆಯುಧಪೂಜೆ ಜೋರಾಗಿ ಆಗುತ್ತಿತ್ತು. ಲೇತ್ ಯಂತ್ರಗಳಿಗೆ, ಕ್ರೇನುಗಳಿಗೆ, ಬಸ್ಸುಗಳಿಗೆ ಬಾಳೆಕಂಬ, ಚೆಂಡುಹೂವು, ಬೂದುಗುಂಬಳ. ಆಡಳಿತ ಕಚೇರಿಯಲ್ಲಿ ಮಾತ್ರ ಒಂದು ಟೈಪ್‌ರೈಟರಿಗೆ ಕುಂಕುಮ ಹಚ್ಚಿ ಮುಗಿಸುತ್ತಿದ್ದರು. ಆ ವರ್ಷ ನಾನು ಹಟ ಹಿಡಿದೆ. ನಮ್ಮ ಪ್ರಿಂಟರುಗಳೂ ಆಯುಧಗಳೇ, ಎಲ್ಲವನ್ನೂ ಕೆಳಗಿನ ಹಾಲಿಗೆ ತಂದು ಸಾಲಾಗಿ ಇಟ್ಟು ಪೂಜೆ ಮಾಡೋಣ ಎಂದೆ. ಎಲ್ಲ ನದಿಗಳನ್ನೂ ಒಂದೇ ಕಡೆ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಆಸೆ ನನಗೆ. ಸರ್ ಮೊದಲು ಗೊಣಗಿದರು, ಆಮೇಲೆ ತಾವೇ ತೆಂಗಿನಕಾಯಿ ತರಿಸಿದರು. ಹೊಸ ಯಂತ್ರಗಳೆಲ್ಲ ಒಂದೇ ಮಾದರಿಯವು, ಒಂದೇ ಬೂದು ಬಣ್ಣ. ಹೆಸರಿನ ಚೀಟಿ ಎಲ್ಲದರ ಬೆನ್ನಿಗೆ. ಮುಂದೆ ಅಂಟಿಸಿದರೆ ಚೆಂದ ಕಾಣುವುದಿಲ್ಲ ಎಂದು ಒಬ್ಬ ಅಧಿಕಾರಿ ಹೇಳಿದ್ದಕ್ಕೆ ಹಿಂದಕ್ಕೆ ಹಾಕಿದ್ದೆ. ಪೂಜೆಯಾಯಿತು, ಹೂವಿನ ಹಾರ ಬಿತ್ತು, ಫೋಟೊ ಆಯಿತು.

ಯಂತ್ರಗಳನ್ನು ವಾಪಸು ಹೊತ್ತೊಯ್ಯುವ ಹೊತ್ತಿಗೆ ಅಂಗಳದಲ್ಲಿ ನಮ್ಮ ಹೆಣ್ಣುಮಕ್ಕಳೆಲ್ಲ ಬತುಕಮ್ಮ ಎನ್ನುವ ಹೂವಿನ ಗೋಪುರ ಇಟ್ಟು ಸುತ್ತಲೂ ಚಪ್ಪಾಳೆ ಹೊಡೆಯುತ್ತ ಆಡಲು ಶುರುಮಾಡಿದ್ದರು. ಟಪಾಲು ಕೋಣೆಯ ಗುಮಾಸ್ತೆ ಪದ್ಮಾ ಬಂದು ನನ್ನ ಕೈ ಹಿಡಿದು ಎಳೆದಳು. ಹೊರುವವರಿಗೆ, "ಯಾವುದು ಎಲ್ಲಿತ್ತೋ ಅಲ್ಲೇ ಇಡಿ" ಎಂದು ಕೂಗಿ ಹೇಳಿ ನಾನು ಆಟಕ್ಕೆ ಹೋದೆ. ಆಟ ಮುಗಿದ ಮೇಲೆ ಪ್ರತಿ ಕೋಣೆಗೂ ಹೋಗಿ, ಪ್ರತಿ ಯಂತ್ರದ ಗುಂಡಿ ಒತ್ತಿ ಪರೀಕ್ಷೆಯ ಹಾಳೆ ತೆಗೆದೆ. ಎಲ್ಲವೂ ಚೆನ್ನಾಗಿ ಬಂದವು. ತಲೆಯಲ್ಲಿ ಚೆಂಡುಹೂವು ಮುಡಿದುಕೊಂಡೇ ಬಸ್ಸು ಹತ್ತಿದೆ.

ರಜೆ ಮುಗಿದು ಕಚೇರಿ ತೆರೆದ ದಿನ ಅರ್ಧಕ್ಕರ್ಧ ಜನ ಇನ್ನೂ ಊರಿನಿಂದ ಬಂದಿರಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾದ ರೆಡ್ಡಿ ಸಾಹೇಬರ ಕೋಣೆಯ ಮುಂದೆ ಗಲಾಟೆ. ಕಚೇರಿಯ ಹನ್ನೊಂದು ಜನ ನೌಕರರು ಒಂದೊಂದು ಹಾಳೆ ಹಿಡಿದುಕೊಂಡು ನಿಂತಿದ್ದರು. ದೂರದ ಊರಿನ ಘಟಕಕ್ಕೆ ವರ್ಗ ಮಾಡಬೇಕಾದವರ ಪಟ್ಟಿ ಅದು, ಹನ್ನೊಂದೂ ಹೆಸರುಗಳು ಅವರವೇ. ಅದು ಇನ್ನೂ ಕರಡು. ಮೇಲಿನವರು ನೋಡಿ ತಿದ್ದಬೇಕಾದದ್ದು. ಗುಟ್ಟಿನ ಕಾಗದವೆಂದು ಸಾಹೇಬರು ತಾವೇ ಟೈಪು ಮಾಡಿ, ತಮ್ಮ ಮುಂಗೋಣೆಯಲ್ಲಿದ್ದ ಭೀಮಾಕ್ಕೆ ಕಳಿಸಿದ್ದರು. ಅಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ಹೊರಗೆ ಬಂದು ನೋಡಿದರೆ ಪ್ರಿಂಟರಿನಲ್ಲಿ ಹಾಳೆ ಇರಲಿಲ್ಲ.

ಆ ಹೊತ್ತಿನಲ್ಲಿ ಮುಂಗೋಣೆಗೆ ಬಂದು ಹೋದವನು ಒಬ್ಬನೇ, ಟಪಾಲು ಒಯ್ಯಲು ಬಂದ ಅಟೆಂಡರ್ ಹಣಮಂತ. ಹನ್ನೊಂದು ಜನರಿಗೆ ಪಟ್ಟಿ ಹಂಚಿದವನೂ ಅವನೇ. ಇನ್ನೇನು ಬೇಕು?

ಹಣಮಂತನ ಬಗ್ಗೆ ಹೇಳಬೇಕು. ಲಿಂಗಸೂಗೂರ ಕಡೆಯವನು. ನಮ್ಮ ಆಡಳಿತ ಕಚೇರಿಯ ಕಟ್ಟಡ ಏಳುವಾಗ ಹೆಂಡತಿಯ ಜೊತೆ ಇಟ್ಟಿಗೆ ಹೊರಲು ಬಂದಿದ್ದ. ಕಟ್ಟಡ ಮುಗಿದ ಮೇಲೆ ಅಲ್ಲೇ ಗುತ್ತಿಗೆಯ ಕೆಲಸಕ್ಕೆ ನಿಂತ. ಎಂಟು ವರ್ಷ ಕಸ ಗುಡಿಸಿ, ಪೆಟ್ಟಿಗೆ ಹೊತ್ತು, ಕೊನೆಗೆ ಅದೇ ವರ್ಷ ಅಟೆಂಡರ್ ಆಗಿ ನೇಮಕವಾಗಿತ್ತು. ಪ್ರೊಬೇಷನ್ ಮುಗಿಯಲು ಎರಡು ತಿಂಗಳು ಬಾಕಿ. ಹೆಂಡತಿ ಮಲ್ಲಮ್ಮ ತಗಡಿನ ಶೆಡ್ಡು ಬಿಟ್ಟು ಕಾಲೊನಿಯ ಕ್ವಾರ್ಟರ್ಸಿಗೆ ಬಂದು, ಬಾಗಿಲಿಗೆ ತೋರಣ ಕಟ್ಟಿ ನಮ್ಮನ್ನೆಲ್ಲ ಹೋಳಿಗೆ ಊಟಕ್ಕೆ ಕರೆದಿದ್ದಳು. ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ, ಆದರೆ ಕಚೇರಿಯ ಪ್ರತಿಯೊಬ್ಬರ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ನೋಡಿ ಗುರುತಿಸುತ್ತಿದ್ದ. ಟಪಾಲು ಕೋಣೆಯಲ್ಲಿ ಕೆಲಸ ಮಾಡಲು ಅಷ್ಟು ಸಾಕು.

ರೆಡ್ಡಿ ಸಾಹೇಬರು ಕುಲಕರ್ಣಿ ಸರ್ ಅವರನ್ನೂ ನನ್ನನ್ನೂ ಕರೆಸಿದರು. ಹಣಮಂತ ಗೋಡೆಗೆ ಆತು ನಿಂತಿದ್ದ. ನಮ್ಮನ್ನು ನೋಡಿದ ಕೂಡಲೇ ಕನ್ನಡದಲ್ಲಿ ಶುರುಮಾಡಿದ.

"ಅಕ್ಕಾರ, ನೀವರ ಹೇಳ್ರಿ. ಆ ಹಾಳಿ ನಮ್ಮ ಕ್ವಾಣ್ಯಾಗಿನ ಮಿಷಿನ್ನಿಂದ ಬಂತ್ರಿ. ಪದ್ಮಾ ಮೇಡಂ ಆಗಿನ್ನೂ ಬಂದಿದ್ದಿಲ್ರಿ. ಹನ್ನೊಂದ ಮಂದಿ ಹೆಸರ ಇದ್ವು. ಸರ್ಕ್ಯುಲರ್ ಐತಿ ಅಂತ ಹನ್ನೊಂದ ಕಾಪಿ ಮಾಡಿ ಎಲ್ಲಾರಿಗೂ ಮುಟ್ಟಿಸಿ ಬಂದೀನಿ. ದಿನಾ ಅದ ಮಾಡ್ತೀನಲ್ರಿ."

ಅವನು ಹೇಳಿದ್ದನ್ನು ಕುಲಕರ್ಣಿ ಸರ್ ಹಿಂದಿಯಲ್ಲಿ ಸಾಹೇಬರಿಗೆ ತಿಳಿಸಿದರು. ಸಾಹೇಬರು ನನ್ನ ಕಡೆ ತಿರುಗಿದರು. ಇಲ್ಲಿಂದ ಕಳಿಸಿದ ಕಾಗದ ಟಪಾಲು ಕೋಣೆಯಲ್ಲಿ ಬರುವುದು ಸಾಧ್ಯವೇ ಎಂದು ಕೇಳಿದರು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಸಾಧ್ಯವೇ ಇಲ್ಲ ಸರ್. ಭೀಮಾಕ್ಕೆ ಕಳಿಸಿದ್ದು ಭೀಮಾದಲ್ಲೇ ಬರುತ್ತದೆ" ಎಂದೆ. ಅಷ್ಟಕ್ಕೇ ಬಿಡಲಿಲ್ಲ. ನನ್ನ ಕಂಪ್ಯೂಟರಿನಲ್ಲಿದ್ದ ದಾಖಲೆ ತೆರೆದು ತೋರಿಸಿದೆ. ಬೆಳಿಗ್ಗೆ ಇಷ್ಟು ಗಂಟೆಗೆ ಒಂದು ಹಾಳೆ ಹೊರಟಿದೆ, ಭೀಮಾಕ್ಕೆ ತಲುಪಿದೆ, ಭೀಮಾ ಅದನ್ನು ಮುದ್ರಿಸಿದೆ. ಅಷ್ಟು ಚೊಕ್ಕಟವಾದ ದಾಖಲೆ ಇಟ್ಟಿದ್ದೇನೆಂದು ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು.

"ಹಂಗಂದ್ರ ನಾ ಕದ್ದೀನಂತ ಆತೇನ್ರಿ?" ಹಣಮಂತ ಗೋಡೆ ಬಿಟ್ಟು ಮುಂದೆ ಬಂದ. ಕಂಕುಳಲ್ಲಿದ್ದ ಟಪಾಲು ಪುಸ್ತಕ ತೆಗೆದು ತೋರಿಸಿದ. "ನೋಡ್ರಿ, ಹನ್ನೊಂದೂ ಮಂದಿ ಸಹಿ ಐತಿ. ಕದ್ದ ಹಾಳಿಗೆ ಯಾರರ ಸಹಿ ತಗೊಂಡ ಕೊಡ್ತಾರೇನ್ರಿ?"

ಆ ಮಾತಿನಲ್ಲಿ ಎಷ್ಟು ಸತ್ಯವಿತ್ತು! ನಾನು ಕೇಳಿಸಿಕೊಂಡೆ, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ. ಸಾಹೇಬರು ಪುಸ್ತಕದ ಕಡೆ ನೋಡಲೂ ಇಲ್ಲ. ಪ್ರೊಬೇಷನ್ನಿನಲ್ಲಿರುವವನನ್ನು ತೆಗೆಯಲು ವಿಚಾರಣೆ ಬೇಕಿಲ್ಲ. ಸಂಜೆ ಐದಕ್ಕೆ ಕಾಗದ ಕೊಡುತ್ತೇನೆ, ನಾಳೆಯಿಂದ ಬರಬೇಡ ಎಂದರು. ಹಣಮಂತ ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ.

ಮೂರೂವರೆಗೆ ಅವನೇ ನನ್ನ ಮೇಜಿನ ಮುಂದೆ ಬಂದು ನಿಂತ. ಬೈಯಲು ಬಂದನೇನೋ ಎಂದುಕೊಂಡೆ.

"ಅಕ್ಕಾರ, ಲೆಕ್ಕ ಒಪ್ಪಿಸಿ ಹೋಗ್ಬೇಕಲ್ರಿ. ಪದ್ಮಾ ಮೇಡಂ ಇವತ್ತಿನ ಟಪಾಲು ಪಟ್ಟಿ ಎರಡ ಸಲ ಬಿಟ್ರು, ಹಾಳಿ ಬರವಲ್ದು. ಒಂಚೂರ ನೋಡ್ರಿ."

ನೌಕರಿ ಕಳೆದುಕೊಂಡವನು ಕೊನೆಯ ದಿನದ ಪಟ್ಟಿ ಸರಿಯಾಗಿರಲೆಂದು ನನ್ನ ಹತ್ತಿರ ಬಂದಿದ್ದ. ನಾಚಿಕೆಯಾಯಿತು. ಎದ್ದು ಅವನ ಹಿಂದೆ ಹೋದೆ. ಪದ್ಮಾಳ ಕುರ್ಚಿಯಲ್ಲಿ ಕೂತು ಪಟ್ಟಿಯನ್ನು ಇನ್ನೊಮ್ಮೆ ಕಾಗಿಣಾಕ್ಕೆ ಕಳಿಸಿದೆ. ಟಪಾಲು ಕೋಣೆಯ ಯಂತ್ರದ ಹೆಸರು ಕಾಗಿಣಾ. ಕೋಣೆಯ ಯಂತ್ರ ಮಿಸುಕಲಿಲ್ಲ. ಎದ್ದು ಅದರ ಗುಂಡಿ ಒತ್ತಿದೆ. ಪರೀಕ್ಷೆಯ ಹಾಳೆ ಚೆನ್ನಾಗಿ ಬಂತು. ಯಂತ್ರ ಸರಿಯಿದೆ, ಕಳಿಸಿದ್ದೂ ಸರಿಯಿದೆ, ಹಾಳೆ ಎಲ್ಲಿ ಹೋಯಿತು? ವೈರು ನೋಡೋಣವೆಂದು ಬಗ್ಗಿ ಯಂತ್ರದ ಬೆನ್ನಿನ ಕಡೆ ಇಣುಕಿದೆ. ಪೂಜೆಯ ಹಾರ ಬಾಡಿ ಅಲ್ಲೇ ಜೋತುಬಿದ್ದಿತ್ತು. ಅದನ್ನು ಸರಿಸಿದರೆ ಕೆಳಗೆ ಕುಂಕುಮ ಹತ್ತಿದ ಚೀಟಿ, ನನ್ನದೇ ಕೈಬರಹ. ಭೀಮಾ.

ಹೊರುವವರು ಭೀಮಾವನ್ನು ಟಪಾಲು ಕೋಣೆಯಲ್ಲೂ ಕಾಗಿಣಾವನ್ನು ಸಾಹೇಬರ ಮುಂಗೋಣೆಯಲ್ಲೂ ಇಟ್ಟುಹೋಗಿದ್ದರು. ಹೆಸರು ಯಂತ್ರದ ಜೊತೆಗೇ ಹೋಗುತ್ತದೆ, ಕೋಣೆಯ ಜೊತೆಗಲ್ಲ. ಭೀಮಾಕ್ಕೆ ಕಳಿಸಿದ್ದು ಭೀಮಾದಲ್ಲೇ ಬಂದಿತ್ತು, ನಾನು ಆಣೆ ಮಾಡಿ ಹೇಳಿದಂತೆಯೇ. ಭೀಮಾ ಎಲ್ಲಿದೆ ಎಂದು ಮಾತ್ರ ನಾನು ನೋಡಿರಲಿಲ್ಲ. ನಾನು ಮಾಡಿದ ಪರೀಕ್ಷೆ ಯಂತ್ರ ಆರೋಗ್ಯವಾಗಿದೆಯೇ ಎಂದು ಕೇಳುವ ಪರೀಕ್ಷೆ. ಕೂತವರ ಕುರ್ಚಿಯಿಂದ ಒಂದೇ ಒಂದು ಹಾಳೆ ಕಳಿಸಿ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಬಸ್ಸಿನ ಹೊತ್ತಾಗಿತ್ತೆಂದು ಅದನ್ನು ಮಾಡಲಿಲ್ಲ.

ಕುಲಕರ್ಣಿ ಸರ್ ಹತ್ತಿರ ಓಡಿದೆ. ಬಾಗಿಲು ಮುಚ್ಚಿ ಎಲ್ಲವನ್ನೂ ಹೇಳಿದೆ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು.

"ಸುಮಂಗಲಾ, ಎರಡೂ ಮಷೀನು ಸುಮ್ಮನ ಅದಲು ಬದಲು ಮಾಡಿಬಿಡು. ಯಾರಿಗೂ ಗೊತ್ತಾಗೂದಿಲ್ಲ. ಪೂಜಾ ಮಾಡ್ಸಿದಾಕಿ ನೀನು, ಒಪ್ಪಿಗಿ ಕೊಟ್ಟಾಂವ ನಾನು. ಇದು ಹೊರಗ ಬಂದ್ರ, ಇಷ್ಟು ವರ್ಷ ಕಟ್ಟಿದ್ದನ್ನ ಒಂದ ದಿನದಾಗ ಮುಚ್ಚಿಸಿಬಿಡ್ತಾರ. ಮತ್ತ ಎಲ್ಲಾರೂ ತಮ್ಮ ತಮ್ಮ ಪ್ರಿಂಟರಿಗೆ ಬೀಗಾ ಹಾಕ್ತಾರ."

ಅವರು ಕೆಟ್ಟವರಲ್ಲ. ಜಾಲ ಅವರ ಕೂಸು, ನನ್ನದೂ ಹೌದು. ಹತ್ತು ನಿಮಿಷದ ಕೆಲಸ, ಎರಡು ಯಂತ್ರ ಎತ್ತಿಟ್ಟರೆ ಆಯಿತು. ಸುಳ್ಳು ಹೇಳುವುದಿಲ್ಲ, ಆ ಯೋಚನೆ ನನಗೂ ಒಂದು ಗಳಿಗೆ ರುಚಿಸಿತು.

"ಸರ್, ಅವನು ಹೇಳಿದ್ದು ಖರೇ. ಅದನ್ನ ಸುಳ್ಳು ಮಾಡಿದಾಕಿ ನಾನು. ಸಾಹೇಬ್ರು ನನ್ನ ಮಾತು ನಂಬಿದ್ರಲ್ರಿ. ಐದಕ್ಕ ಅವನ ಕೈಯಾಗ ಕಾಗದ ಕೊಡ್ತಾರ. ಮಲ್ಲಮ್ಮ ತೋರಣ ಇನ್ನೂ ತೆಗೆದಿಲ್ರಿ" ಎಂದೆ. ಅಳು ಬಂತು. ಅಧಿಕಾರಿಯ ಮುಂದೆ ನಾನು ಅತ್ತದ್ದು ಅದೊಂದೇ ಸಲ.

ಸರ್ ಎದ್ದು ಕಿಟಕಿಯ ಹತ್ತಿರ ಹೋದರು. ತಿರುಗಿ ಬಂದಾಗ ಪೆನ್ಸಿಲ್ ಮತ್ತೆ ಕಿವಿಗೇರಿತ್ತು. "ಹಂಗಾದ್ರ ಮಷೀನ್ ಮುಟ್ಟಬ್ಯಾಡ. ಇದ್ದಲ್ಲೇ ಇರಲಿ. ಬಾಯಿಂದ ಹೇಳಿದ್ರ ಅವರು ನಂಬೂದಿಲ್ಲ, ನಾವು ಅವನ ಬಚಾವು ಮಾಡ್ಲಿಕ್ಕೆ ಹತ್ತೇವಂತಾರ. ಕಣ್ಣಿಗೆ ತೋರಸೋಣ. ನಡಿ."

ನಾಲ್ಕೂವರೆಗೆ ಇಬ್ಬರೂ ರೆಡ್ಡಿ ಸಾಹೇಬರ ಕೋಣೆಯಲ್ಲಿ ನಿಂತೆವು. ಮೇಜಿನ ಮೇಲೆ ಹಣಮಂತನ ಹೆಸರಿನ ಕಾಗದ ಸಿದ್ಧವಾಗಿತ್ತು, ಸಹಿ ಮಾತ್ರ ಆಗಿರಲಿಲ್ಲ. "ಸರ್, ಮಧ್ಯಾಹ್ನ ನಾನು ಹೇಳಿದ್ದು ತಪ್ಪು" ಎಂದೆ. ಅವರು ಹುಬ್ಬು ಗಂಟು ಹಾಕಿದರು. ನೀವೇ ನಿಮ್ಮ ಹೆಸರು ಹಾಕಿ ಒಂದು ಸಾಲು ಟೈಪು ಮಾಡಿ, ನಮಗೆ ತೋರಿಸಬೇಡಿ, ಬೆಳಿಗ್ಗೆ ಕಳಿಸಿದಂತೆಯೇ ಭೀಮಾಕ್ಕೆ ಕಳಿಸಿ ಎಂದು ಬೇಡಿಕೊಂಡೆ. ಹಣಮಂತನಿಗೆ ನಾನು ಏನೂ ಹೇಳಿರಲಿಲ್ಲ. ಯಂತ್ರದ ಹತ್ತಿರವೇ ಇರು, ಏನಾದರೂ ಬಂದರೆ ದಿನಾ ಏನು ಮಾಡುತ್ತೀಯೋ ಅದನ್ನೇ ಮಾಡು ಎಂದಷ್ಟೇ ಹೇಳಿ ಬಂದಿದ್ದೆ.

ಸಾಹೇಬರು ಟೈಪು ಮಾಡಿದರು, ಕಳಿಸಿದರು. ಮೂವರೂ ಮುಂಗೋಣೆಗೆ ಬಂದು ಪ್ರಿಂಟರಿನ ಮುಂದೆ ನಿಂತೆವು. ಅದರಲ್ಲಿ ಪದ್ಮಾಳೂ ನಾನೂ ಕಳಿಸಿದ ಟಪಾಲು ಪಟ್ಟಿಯ ಮೂರು ಪ್ರತಿಗಳು ಅನಾಥವಾಗಿ ಬಿದ್ದಿದ್ದವು. ಸಾಹೇಬರ ಹಾಳೆ ಬರಲಿಲ್ಲ. ಗಡಿಯಾರದ ಮುಳ್ಳು ಎಷ್ಟು ನಿಧಾನ ನಡೆಯುತ್ತದೆಂದು ನನಗೆ ಅವತ್ತು ಗೊತ್ತಾಯಿತು. ದಿನಾ ಮಾಡುವುದನ್ನು ಅವನು ಇಂದು ಮಾಡದಿದ್ದರೆ? ಮನಸ್ಸು ಮುರಿದು ಹಾಳೆಯನ್ನು ಅಲ್ಲೇ ಬಿಟ್ಟರೆ?

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಹಣಮಂತ ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಟಪಾಲು ಪುಸ್ತಕ ಹಿಡಿದು ಒಳಗೆ ಬಂದ. ಈ ಕೋಣೆಗೆ ಕಾಲಿಡಬೇಡ ಎಂದು ಮಧ್ಯಾಹ್ನ ಅವನಿಗೆ ಹೇಳಿದ್ದರು. ಆದರೂ ಬಂದ, ಯಾಕೆಂದರೆ ಕಾಗದದ ಮೇಲೆ ಹೆಸರಿತ್ತು.

"ನಿಮ್ಮ ಹೆಸರ ಐತ್ರಿ ಸಾಹೇಬ್ರ" ಎಂದು ಹಾಳೆ ಮುಂದೆ ಹಿಡಿದ. ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ. "ಇಲ್ಲಿ ಒಂದ ಸಹಿ ಮಾಡ್ರಿ."

ಹಾಳೆಯಲ್ಲಿ ಸಾಹೇಬರ ಹೆಸರು, ಅದರ ಕೆಳಗೆ ಒಂದೇ ಸಾಲು: ಈ ಕಾಗದ ಎಲ್ಲಿಗೆ ಹೋಗುತ್ತದೆ? ಸಾಹೇಬರು ಅದನ್ನು ಓದಿದರು. ಪುಸ್ತಕ ನೋಡಿದರು. ಅದೇ ಪುಟದಲ್ಲಿ, ಅವರ ಸಾಲಿನ ಮೇಲೆ, ಬೆಳಗಿನ ಹನ್ನೊಂದು ಸಹಿಗಳಿದ್ದವು. ಒಂದೊಂದರ ಮೇಲೂ ಕಣ್ಣಾಡಿಸಿದರು. ಆಮೇಲೆ ಹನ್ನೆರಡನೆಯ ಸಾಲಿನಲ್ಲಿ ಸಹಿ ಮಾಡಿದರು. ಒಳಗೆ ಹೋಗಿ ಮೇಜಿನ ಮೇಲಿದ್ದ ಕಾಗದ ತಂದು ಹಣಮಂತನ ಕಣ್ಣೆದುರೇ ಹರಿದು ಬುಟ್ಟಿಗೆ ಹಾಕಿದರು. ತೆಲುಗಿನಲ್ಲಿ, "ಪೋಯಿ ಪನಿ ಚೂಸುಕೋ" ಎಂದರು, ಹೋಗಿ ನಿನ್ನ ಕೆಲಸ ನೋಡಿಕೋ ಎಂದು. ದೊಡ್ಡ ಅಧಿಕಾರಿಗಳು ಕ್ಷಮೆ ಕೇಳುವ ರೀತಿ ಅದು. ಹಣಮಂತ ಪುಸ್ತಕ ಮುಚ್ಚಿ ಕಂಕುಳಿಗೆ ಸಿಕ್ಕಿಸಿದ.

ನಾನು ನನ್ನ ಕೈಯಾರೆ ಬರೆದುಕೊಟ್ಟೆ, ತಪ್ಪು ನನ್ನದು ಎಂದು. ಮೆಮೊ ಬಂತು. ಆ ವರ್ಷ ಇನ್ನೂ ಏನೇನೋ ಬರಬೇಕಾದದ್ದು ಬರಲಿಲ್ಲ, ಆ ಪುರಾಣ ಬೇಡ. ಜಾಲವನ್ನು ಯಾರೂ ಮುಚ್ಚಿಸಲಿಲ್ಲ. ಕುಲಕರ್ಣಿ ಸರ್ ಸುಮ್ಮನೆ ಹೆದರಿದ್ದರು. ತಪ್ಪು ಎಲ್ಲಿ ಆಯಿತೆಂದು ಹೇಳಬಲ್ಲವರ ಕೈಯಲ್ಲಿ ವ್ಯವಸ್ಥೆ ಇದೆ ಎಂದು ಜನ ಮೊದಲಿಗಿಂತ ಹೆಚ್ಚು ನಂಬಿದರು. ನನಗೆ ಸಿಕ್ಕ ಪ್ರಶಂಸಾ ಪತ್ರಗಳು ಯಾವ ಪೆಟ್ಟಿಗೆಯಲ್ಲಿವೆಯೋ ತಿಳಿಯದು. ಆ ಮೆಮೊ ಮಾತ್ರ ನನ್ನ ಬೀರುವಿನಲ್ಲಿ ಸೀರೆಯ ಮಡಿಕೆಯಲ್ಲಿದೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆ.

ಮರುದಿನ ಟಪಾಲು ಕೋಣೆಗೆ ಹೋಗಿ ಹಣಮಂತನ ಎದುರು ನಿಂತು, "ತಪ್ಪಾಯ್ತಪ್ಪಾ" ಎಂದೆ. ಅವನು ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದ.

"ನೀವ ಬಂದು ಹೇಳಿದ್ರಲ್ರಿ ಅಕ್ಕಾರ, ಬಿಡ್ರಿ. ಆದ್ರ ಇನ್ನೊಮ್ಮೆ, 'ಆಗಂಗಿಲ್ಲ' ಅನ್ನೂದಕ್ಕಿಂತ ಮೊದ್ಲ ಬಂದು ನೋಡ್ರಿ. ನಮ್ಮ ಕ್ವಾಣಿ ನಿಮ್ಮ ಟೇಬಲ್ಲಿಂದ ಎಷ್ಟ ಹೆಜ್ಜಿ ಐತಿ? ನೀವ ಎಣಿಸಿದ್ರಿ."

ಮೂವತ್ತೆರಡು ಹೆಜ್ಜೆ. ಆಮೇಲೆ ನಾನು ಎಷ್ಟೋ ಜನರಿಗೆ ಕೆಲಸ ಕಲಿಸಿದೆ. ಎಲ್ಲರಿಗೂ ಮೊದಲ ದಿನ ಹೇಳಿದ್ದು ಎರಡೇ ಮಾತು. ಯಂತ್ರದ ಗುಂಡಿ ಒತ್ತಿ ಪರೀಕ್ಷೆ ಮಾಡಬೇಡಿ, ಕೆಲಸ ಮಾಡುವವರ ಕುರ್ಚಿಯಲ್ಲಿ ಕೂತು ಮಾಡಿ. ಯಾರಾದರೂ ನಂಬಲಾಗದ್ದನ್ನು ಹೇಳಿದರೆ, ಇಲ್ಲ ಎನ್ನುವ ಮೊದಲು ಎದ್ದು ಹೋಗಿ ನೋಡಿ.

ಕೆಲವು ವರ್ಷಗಳ ಹಿಂದೆ ಕಾರ್ಡಿನ ಪದ್ಧತಿ ಬಂತು. ಈಗ ಯಾವ ಪ್ರಿಂಟರಿಗೂ ಯಾವ ಕಾಗದವೂ ತಾನಾಗಿ ಹೋಗುವುದಿಲ್ಲ. ಕಳಿಸಿದವರು ಯಾವುದೇ ಯಂತ್ರದ ಮುಂದೆ ನಿಂತು ಗುರುತಿನ ಕಾರ್ಡ್ ಮುಟ್ಟಿಸಿದರೆ ಅಲ್ಲೇ ಬರುತ್ತದೆ. ಅದನ್ನು ನಮ್ಮ ಕಚೇರಿಗೆ ತರಿಸಲು ಕಾದಾಡಿದವಳು ನಾನೇ. ಯಾಕೆಂದು ಹೊಸಬರಿಗೆ ಗೊತ್ತಿರಲಿಲ್ಲ. ಮೊದಲ ವಾರ ಒಬ್ಬ ಹಿರಿಯರು ಯಂತ್ರ ಕೆಟ್ಟಿದೆಯೆಂದು ಮೂರು ಸಲ ದೂರು ಕೊಟ್ಟರು. ಎದ್ದು ಹೋಗಿ ನೋಡಿದರೆ ಮೆಟ್ರೊ ಕಾರ್ಡನ್ನು ಮುಟ್ಟಿಸುತ್ತಿದ್ದರು. ಹೊಸ ಪದ್ಧತಿಯಲ್ಲಿ ಹೆಸರುಗಳು ಬೇಕಾಗಲಿಲ್ಲ. ನದಿಗಳೆಲ್ಲ ಹೋಗಿ ನಂಬರುಗಳು ಬಂದವು. ಬೇಸರವಾಯಿತು, ಆದರೆ ಆ ಕೆಲಸಕ್ಕೂ ನಾನೇ ಸಹಿ ಹಾಕಿದೆ.

ನನ್ನ ಕೊನೆಯ ದಿನ ಭಾಷಣ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಬಿಡುಗಡೆಯ ಪತ್ರ ಮಾತ್ರ ಬಂದಿರಲಿಲ್ಲ. ಈಗ ಎಲ್ಲವೂ ಇ-ಮೇಲಿನಲ್ಲೇ ನಡೆಯುವುದರಿಂದ ಟಪಾಲು ಕೋಣೆಯಲ್ಲಿ ಹಣಮಂತ ಒಬ್ಬನೇ ಉಳಿದಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನೇ ಪತ್ರ ಹಿಡಿದು ಬಂದ. ನಾನು ಕೈ ಚಾಚಿದರೆ ಕೊಡಲಿಲ್ಲ. ಮೊದಲು ಪುಸ್ತಕ ತೆರೆದು ಮೇಜಿನ ಮೇಲಿಟ್ಟ.

ಎಲ್ಲಿಂದ ಬಂತು ಎಂಬ ಕಾಲಮ್ಮಿನಲ್ಲಿ ಅವನು ಸಿಬ್ಬಂದಿ ವಿಭಾಗದ ಪ್ರಿಂಟರಿನ ಹೊಸ ನಂಬರು ಬರೆದಿರಲಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಕಲಿತ ಕನ್ನಡದಲ್ಲಿ, ಗುಂಡಗೆ, ಭೀಮಾ ಎಂದು ಬರೆದಿದ್ದ.

ನನಗೆ ಗೆರೆಗಳೆಲ್ಲ ಮಂಜಾದವು. ಪೆನ್ನಿಗಾಗಿ ಚೀಲದಲ್ಲಿ ತಡಕಾಡಿದೆ. ಅವನು ಸಹಿಯ ಜಾಗದಲ್ಲಿ ಬೆರಳಿಟ್ಟ.

"ಇಲ್ಲಿ ಮಾಡ್ರಿ ಅಕ್ಕಾರ. ಸಹಿ ಇಲ್ದ ನಾ ಯಾರಿಗೂ ಹಾಳಿ ಕೊಡಂಗಿಲ್ಲ, ನಿಮಗ ಗೊತ್ತೈತಲ್ರಿ."